ಎರಡು ದಿನ ಬೀಗ ಹಾಕಿದರೆ ಸಾಕಾ?

ದಾವಣಗೆರೆಯ ಓದುಗರೊಬ್ಬರ ಪತ್ರ: 'ಊರಿನ ಹಳೇ ಫೋಟೊಗಳಿಗಾಗಿ ಸೋಶಿಯಲ್ ಮೀಡಿಯಾದಲ್ಲಿ ಒಂಬತ್ತು ವರ್ಷದಿಂದ ಗ್ರೂಪ್ ನಡೆಸುತ್ತಿದ್ದೇವೆ. ಹಳೇ ಪೋಸ್ಟ್ ಹುಡುಕಲು ಬೇರೆಯವರು ಮಾಡಿದ ಆ್ಯಪ್ ಬಳಸುತ್ತಿದ್ದೆವು. ಕಂಪನಿ ಅದನ್ನು ನಿಲ್ಲಿಸಿದೆ. ಎರಡು ದಿನ ಗ್ರೂಪ್ ಮುಚ್ಚಿ ಪ್ರತಿಭಟಿಸೋಣ ಅಂತಿದ್ದೇವೆ. ಅಷ್ಟು ದೂರದ ಕಂಪನಿಗೆ ನಮ್ಮ ಕೂಗು ಕೇಳಿಸುತ್ತಾ?'

ನೀವು ಪತ್ರದ ಜೊತೆ ಇಟ್ಟಿದ್ದ ಪ್ರಿಂಟ್‌ಔಟ್ ನನ್ನ ಮೇಜಿನ ಮೇಲೇ ಇದೆ. ಕಾಟನ್ ಮಿಲ್ಲಿನ ಗೇಟು, ಪಾಳಿ ಬಿಟ್ಟ ಹೊತ್ತು. ಹಾಕಿದವರು ಬರೆದದ್ದು 'ಹಳೇ ದಾವಣಗೆರೆ' ಅಂತ ಎರಡೇ ಪದ. ಕೆಳಗೆ ಒಬ್ಬರು, 'ಸೈಕಲ್ ಹಿಡಿದು ನಿಂತವರು ನಮ್ಮಪ್ಪ' ಅಂದಿದ್ದಾರೆ. ಅದರ ಕೆಳಗೆ ಇನ್ನೊಬ್ಬರು, 'ಬುತ್ತಿ ಡಬ್ಬಿ ಹಿಡಿದವರು ನಮ್ಮ ಸೋದರಮಾವ, ಇಬ್ಬರೂ ಒಂದೇ ಪಾಳಿ.' ಇದನ್ನೆಲ್ಲ ಊರಿನವರು ಬಿಡಿಗಾಸು ಪಡೆಯದೆ ಬರೆದಿದ್ದಾರೆ. ಆ ಪುಟಕ್ಕೆ ಬೆಲೆ ಬಂದದ್ದು ಅವರಿಂದ. ನಿಮ್ಮ ಸಿಟ್ಟು ಸರಿಯಾಗಿಯೇ ಇದೆ.

ಆದರೆ ಎರಡು ದಿನ ಸಾಲದು. ಜನ ಗುಂಪು ಕಟ್ಟಿಕೊಂಡು ಮಾತಾಡುವ ಅಮೆರಿಕದ ವೆಬ್‌ಸೈಟ್ ರೆಡ್ಡಿಟ್‌ನಲ್ಲಿ ಆದದ್ದನ್ನು ನೋಡಿ. 2023ರಲ್ಲಿ ಅದು ಹೊರಗಿನ ಆ್ಯಪ್‌ಗಳಿಗೆ ಶುಲ್ಕ ಹಾಕಿತು. ರೆಡ್ಡಿಟ್ ಓದೋಕೆ ಅಪೋಲೊ ಅನ್ನೋ ಆ್ಯಪ್ ಮಾಡಿದಾತ ಲೆಕ್ಕ ಹಾಕಿದಾಗ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಬಂತು. ಜೂನ್ 12ರಿಂದ ಎಂಟು ಸಾವಿರಕ್ಕೂ ಜಾಸ್ತಿ ಗುಂಪುಗಳು ಬಾಗಿಲು ಹಾಕಿದವು. ಹೆಚ್ಚಿನವು ಎರಡೇ ದಿನ ಅಂತ ಮೊದಲೇ ಹೇಳಿದ್ದವು. ಇದೂ ಕಳೆದುಹೋಗುತ್ತೆ ಅಂತ ಕಂಪನಿಯ ಮುಖ್ಯಸ್ಥ ಸಿಬ್ಬಂದಿಗೆ ಬರೆದರು. ಶುಲ್ಕ ಇಳಿಯಲಿಲ್ಲ, ಜೂನ್ 30ಕ್ಕೆ ಅಪೋಲೊ ಮುಚ್ಚಿತು. ಬುಧವಾರ ಕೆಲಸಕ್ಕೆ ಬರ್ತೀವಿ ಅಂತ ಬರೆದುಕೊಟ್ಟು ಮುಷ್ಕರಕ್ಕೆ ಕೂತರೆ ಮಿಲ್ ಮಾಲೀಕ ಬುಧವಾರದ ತನಕ ಕಾಯ್ತಾನೆ, ಅಲ್ವಾ?

ಅಲ್ಲೇ ಒಂದು ಗೆಲುವೂ ಇತ್ತು. ಕಣ್ಣು ಕಾಣದವರು ನಮಗೆ ಈ ಆ್ಯಪ್‌ಗಳಿಲ್ಲದೆ ಓದೋಕೇ ಆಗಲ್ಲ ಅಂದರು. ಅಂಥವರಿಗೆ ನೆರವಾಗುವ, ಲಾಭಕ್ಕಾಗಿ ನಡೆಸದ ಆ್ಯಪ್‌ಗಳಿಗೆ ರೆಡ್ಡಿಟ್ ವಿನಾಯಿತಿ ಕೊಟ್ಟಿತು. ಅವರು ಕೇಳಿದ್ದು ಸ್ಪಷ್ಟವಾಗಿತ್ತು. ನೀವೂ ಹಾಗೇ ಒಂದನ್ನೇ ಕೇಳಿ: ನಮ್ಮ ಹಳೇ ಪೋಸ್ಟ್ ಹುಡುಕೋಕೆ ದಾರಿ ಕೊಡಿ.

ದೂರದ ಕಂಪನಿ ಅಂತ ಕೈಚೆಲ್ಲಬೇಡಿ. 2015ರಲ್ಲಿ ನೆಟ್ ನ್ಯೂಟ್ರಾಲಿಟಿಗಾಗಿ, ಅಂದರೆ ಇಂಟರ್ನೆಟ್‌ನಲ್ಲಿ ಎಲ್ಲ ವೆಬ್‌ಸೈಟಿಗೂ ಒಂದೇ ನ್ಯಾಯ ಇರಲಿ ಅಂತ, ನಮ್ಮ ಜನ ಫೋನ್, ಇಂಟರ್ನೆಟ್ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್‌ಗೆ 10 ಲಕ್ಷಕ್ಕೂ ಜಾಸ್ತಿ ಇಮೇಲ್ ಕಳಿಸಿದ್ದರು. ಒಂದೊಂದು ವೆಬ್‌ಸೈಟಿಗೆ ಒಂದೊಂದು ದರ ಇಡಬಾರದು ಅಂತ 2016ರ ಫೆಬ್ರವರಿ 8ರಂದು ಟ್ರಾಯ್ ಆದೇಶ ಹೊರಡಿಸಿತು. ಆಯ್ದ ವೆಬ್‌ಸೈಟುಗಳನ್ನಷ್ಟೇ ಪುಕ್ಕಟೆ ತೋರಿಸುತ್ತಿದ್ದ ತನ್ನ ಫ್ರೀ ಬೇಸಿಕ್ಸ್ ಅನ್ನು ಫೇಸ್‌ಬುಕ್ ಭಾರತದಲ್ಲಿ ನಿಲ್ಲಿಸಲೇಬೇಕಾಯಿತು. ಅಲ್ಲಿ ಕೇಳಿಸಿಕೊಳ್ಳಲು ಒಂದು ಸರ್ಕಾರಿ ಸಂಸ್ಥೆ ಇತ್ತು, ಬೆನ್ನು ಬಿಡದ ಜನರೂ ಇದ್ದರು.

ಗ್ರೂಪ್ ಮುಚ್ಚುವ ಮೊದಲು ಸದಸ್ಯರನ್ನು ಕೇಳಿ. ಮನೆಬಿಟ್ಟು ಹೊರಡಲಾಗದ ಹಿರಿಯರಿಗೆ ಅದೇ ಊರಿನ ಕಟ್ಟೆ. ಅದಕ್ಕೂ ಮೊದಲು ಫೋಟೊ, ಕಾಮೆಂಟು ಎರಡನ್ನೂ ಇಳಿಸಿಕೊಂಡು ಎರಡು ಕಡೆ ಇಡಿ. ಕಾಮೆಂಟು ಬಿಟ್ಟು ಬರೀ ಫೋಟೊ ಉಳಿಸಬೇಡಿ. ಇವತ್ತೇ ಶುರು ಮಾಡಿ.

ಮುಂದಿನ ಸಂಚಿಕೆಯಲ್ಲಿ ಆ ಗೇಟಿನ ಫೋಟೊಗೆ ಒಂದು ಪುಟ ಇಟ್ಟಿದ್ದೇನೆ. ಸೈಕಲ್ ಹಿಡಿದವರ ಹೆಸರು ಪ್ರಿಂಟಿನಲ್ಲಿ ಅರ್ಧ ಕತ್ತರಿಸಿ ಹೋಗಿದೆ. ಅವರ ಮಗನನ್ನು ಕೇಳಿ, ಪೂರ್ತಿ ಹೆಸರು ಬರೆದು ಕಳಿಸಿ.

— ಸಂಪಾದಕ