1:56ರ ಹುಡುಗಿ, ಅಪ್ಪನ ಲೆಕ್ಕ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

ಆಪ್ತ ಸಮಾಲೋಚನೆಗೆಂದು ಅಪ್ಪ ನನ್ನ ಬಳಿ ಕರೆತಂದದ್ದು ಅಮೆರಿಕದಲ್ಲಿ ಹುಟ್ಟಿ ಬೆಳೆದ 17ರ ಹುಡುಗಿಯನ್ನು. ಅಜ್ಜನಿಗೆ ಹುಷಾರಿಲ್ಲವೆಂದು ಅಪ್ಪ ಅಮ್ಮನ ಜೊತೆ ದಾವಣಗೆರೆಗೆ ಬಂದು ವರ್ಷವಾಗುತ್ತ ಬಂದಿತ್ತು. ಮೂವರದ್ದೂ ಅಮೆರಿಕದ ಪಾಸ್‌ಪೋರ್ಟ್, ಜೊತೆಗೆ ಓಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪೌರರಿಗೆ ಭಾರತ ಕೊಡುವ ಕಾರ್ಡ್). "ಭಾರತದ ಪರ ಈಜ್ಬೇಕು ಅನ್ನೋದು ಅವಳದೇ ಆಸೆ ಮೇಡಂ. ಈಗ ನೋಡಿದ್ರೆ ನೀರಿಗೇ ಇಳಿಯಲ್ಲ, ರಾತ್ರಿ ನಿದ್ದೆನೂ ಮಾಡಲ್ಲ" ಎಂದರು ಅಪ್ಪ. ನಾನು ಕೇಳಿದ್ದು ಮಗಳನ್ನ, ಉತ್ತರ ಬರುತ್ತಿದ್ದದ್ದು ಅವರಿಂದ. ಅವರನ್ನು ಹೊರಗೆ ಕೂರಿಸಿದೆ.

ಪಾಸ್‌ಪೋರ್ಟಿನ ಗೊಂದಲವೇ ಇರಬೇಕು ಎಂದುಕೊಂಡು ಮಾತು ಅಲ್ಲಿಂದಲೇ ಎತ್ತಿದೆ. ಅವಳು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ನನ್ನ ಪ್ಯಾಡಿನ ಅಂಚಿನಲ್ಲಿ 1:56 ಎಂದು ಬರೆದಳು. ಅದರ ಮೇಲೆ ಗೀಟು ಎಳೆದು 2:12 ಎಂದು ಬರೆದಳು.

ಅಮೆರಿಕದಲ್ಲಿ ಅವಳು ಈಜುತ್ತಿದ್ದದ್ದು 25 ಗಜದ ಕೊಳದಲ್ಲಿ. 200 ಗಜ ಎಂದರೆ ಸುಮಾರು 183 ಮೀಟರ್. ಮೇಲಾಗಿ ಪ್ರತಿ 25 ಗಜಕ್ಕೂ ಗೋಡೆ ಒದ್ದು ಮುಂದೆ ಚಿಮ್ಮುವ ಲಾಭ. 200 ಗಜಕ್ಕೆ ಅವಳ 1:56, ಅಂದರೆ ಒಂದು ನಿಮಿಷ 56 ಸೆಕೆಂಡ್, ಅಲ್ಲಿನದು. ಒಲಿಂಪಿಕ್ಸ್ ನಡೆಯುವುದು 50 ಮೀಟರ್ ಕೊಳದಲ್ಲಿ. 2024ರ ಪ್ಯಾರಿಸ್‌ನಲ್ಲಿ ಬೆಂಗಳೂರಿನ 14ರ ಧಿನಿಧಿ ದೇಸಿಂಗು 200 ಮೀಟರ್ ಫ್ರೀಸ್ಟೈಲನ್ನು 2:06.96ರಲ್ಲಿ ಮುಗಿಸಿದ್ದನ್ನು ಅಪ್ಪ ಟಿವಿಯಲ್ಲಿ ನೋಡಿ, "ನಮ್ಮವಳು ಹತ್ತು ಸೆಕೆಂಡ್ ಮುಂದಿದ್ದಾಳೆ" ಎಂದು ನೆಂಟರಿಗೆಲ್ಲ ಸಾರಿದ್ದರು. ಗಜ–ಮೀಟರಿನ ವ್ಯತ್ಯಾಸ ಅವರ ತಲೆಗೆ ಹೊಳೆದೇ ಇರಲಿಲ್ಲ. ಬೆಂಗಳೂರಿನ 50 ಮೀಟರ್ ಕೊಳದಲ್ಲಿ ಈಜಿ ನೋಡಿದಾಗ ಬಂದದ್ದು 2:12. ಅದನ್ನವಳು ಯಾರಿಗೂ ಹೇಳಿರಲಿಲ್ಲ. 17ರ ಹುಡುಗಿಗೆ 2:12 ಕಳಪೆಯೇನಲ್ಲ, ಆದರೆ ಮನೆಮಂದಿ ಒಲಿಂಪಿಕ್ಸಿಗೇ ಕಳಿಸಿ ಕೂತಿದ್ದರಲ್ಲ!

"ಭಾರತದ ಪರ ಈಜೋ ಆಸೆ ನಿಂದೇನಾ?" ಎಂದೆ. "ಅಜ್ಜ ಕೇಳಿದ್ರು, ಹೂಂ ಅಂದೆ" ಅಂದಳು.

ಅಪ್ಪನಿಗೆ ಕಾನೂನು ಬಿಡಿಸಿ ಹೇಳಬೇಕಾಯಿತು. ಭಾರತದಲ್ಲಿ ಎರಡು ಪೌರತ್ವ ನಡೆಯುವುದಿಲ್ಲ. ಭಾರತ ತಂಡಕ್ಕೆ ಭಾರತದ ಪಾಸ್‌ಪೋರ್ಟೇ ಬೇಕು ಎಂಬುದು 2008ರಿಂದ ಸರ್ಕಾರ ಹಿಡಿದ ನೀತಿ. ಫುಟ್‌ಬಾಲ್ ಆಟಗಾರ ಅರಾಟಾ ಇಝುಮಿ ಭಾರತದ ಪರ ಆಡಲೆಂದು ಜಪಾನಿನ ಪೌರತ್ವವನ್ನೇ ಬಿಟ್ಟರು. ಅಂದರೆ ಇವಳೂ ಹುಟ್ಟಿದ ದೇಶದ ಪಾಸ್‌ಪೋರ್ಟ್ ಬಿಡಬೇಕು. ಓಸಿಐ ಪಡೆದು ಐದು ವರ್ಷ ಆದವರು ಇಲ್ಲಿ ಹನ್ನೆರಡು ತಿಂಗಳು ನೆಲೆಸಿ ಪೌರತ್ವಕ್ಕೆ ಅರ್ಜಿ ಹಾಕಬಹುದು, ಆದರೆ ಆ ದಾರಿ ವಯಸ್ಕರಿಗೆ. ಹದಿನೆಂಟು ತುಂಬುವ ಮೊದಲು ಆ ಅರ್ಜಿಯ ಸುದ್ದಿಯನ್ನೇ ಮನೆಯಲ್ಲಿ ಎತ್ತಬೇಡಿ, ತುಂಬಿದ ಮೇಲೂ ಅವಳೇ ಕೇಳಿದರೆ ಮಾತ್ರ ಎಂದೆ. ಅಪ್ಪನ ಮುಖ ಸಣ್ಣದಾಯಿತು. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಊರು ಬಿಟ್ಟ ಅಳುಕನ್ನು ಮಗಳ ಕೈಲಿ ತೀರಿಸಿಕೊಳ್ಳಲು ಹೊರಟಿದ್ದರು, ಅಷ್ಟೆ.

ಹುಡುಗಿಗೆ ಕೊಟ್ಟ ಕೆಲಸ ಒಂದೇ: 2:12 ಅನ್ನುವುದನ್ನು ನೀನೇ ಅಜ್ಜನಿಗೆ ಹೇಳು, ಅಪ್ಪನ ಬಾಯಿಂದ ಬೇಡ. ಬೆಳಗಿನ ಈಜು ಬಿಡಬೇಡ, ಆದರೆ ಒಂದಷ್ಟು ದಿನ ಗಡಿಯಾರ ನೋಡಬೇಡ.

ಮರುವಾರ ಬಂದು, ಅಜ್ಜ ಅಂದದ್ದನ್ನು ಹಾಗೇ ಒಪ್ಪಿಸಿದಳು: "ಗಜಾನೋ ಮೀಟರೋ ನಂಗೇನ್ ಗೊತ್ತವ್ವ, ಮುಳುಗ್ದಂಗೆ ದಡ ಸೇರ್ತೀಯಲ್ಲ." ನಗು ತಡೆಯಲಾಗದೆ ಹೇಳಿದಳು.

ನಿದ್ದೆ ಸುಧಾರಿಸಿದೆ, ಈಜು ಮತ್ತೆ ಶುರುವಾಗಿದೆ. ಭಾರತವೋ ಅಮೆರಿಕವೋ ಅವಳಿನ್ನೂ ಹೇಳಿಲ್ಲ, ನಾನೂ ಕೇಳಿಲ್ಲ. ಮುಂದಿನ ಭೇಟಿಗೆ ಅಪ್ಪ ಬರುವುದು ಬೇಡವೆಂದು ಅವಳೇ ಫೋನ್ ಮಾಡಿ ತಿಳಿಸಿದ್ದಾಳೆ.