25 ಸಾವಿರದಲ್ಲಿ ಯಾವ ಮೈಕ್? ಮೊದಲು ನನ್ನ ಕಾಳಿ ನದಿ ರೆಕಾರ್ಡಿಂಗ್ ಕಥೆ ಕೇಳಿ

ಶಿರಸಿಯಲ್ಲಿ ಕೂತು ಮೊಬೈಲು, ಇಯರ್‌ಬಡ್ಸು ಇಂಥದ್ದರ ಬಗ್ಗೆ ಕನ್ನಡ ಪಾಡ್‌ಕಾಸ್ಟ್ ಮಾಡಬೇಕು, 25 ಸಾವಿರ ಇಟ್ಟಿದ್ದೇನೆ, ನೇರ ಲ್ಯಾಪ್‌ಟಾಪಿಗೆ ಚುಚ್ಚುವ ಯುಎಸ್‌ಬಿ ಮೈಕ್ ಸಾಕಾ, ಸ್ಟುಡಿಯೋದಲ್ಲಿ ಬಳಸುವಂಥ ಎಕ್ಸ್‌ಎಲ್‌ಆರ್ ಮೈಕು, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಇಂಟರ್‌ಫೇಸು ಎಲ್ಲ ಬೇಕಾ ಅಂತ ಕೇಳಿದ್ದೀರಿ. ಓದಿದ ಕೂಡಲೇ ನನ್ನ 2021 ನೆನಪಾಯಿತು.

ನಾನು ಕಾರವಾರದವನು. ಮನೆ ಕೋಡಿಬಾಗದಲ್ಲಿ. ಆ ವರ್ಷ ನಾಲ್ಕು ತಿಂಗಳು ಬರೀ ಮೈಕ್‌ಗಳ ವಿಡಿಯೋ ನೋಡಿದೆ. ಕಡೆಗೆ 11 ಸಾವಿರ ಕೊಟ್ಟು ಒಂದು ಯುಎಸ್‌ಬಿ ಕಂಡೆನ್ಸರ್ ಮೈಕ್, ಅಂದರೆ ಸಣ್ಣ ಸದ್ದನ್ನೂ ಹಿಡಿಯುವಂಥದ್ದು, ತರಿಸಿದೆ. ಭಾರದ ಸ್ಟ್ಯಾಂಡು, ಮುಂದೆ ಒಂದು ಕೆಂಪು ದೀಪ. ಚಿಕ್ಕಂದಿನಿಂದ ಆಕಾಶವಾಣಿ ಕೇಳಿ ಬೆಳೆದವನು ನಾನು. ಆ ಮೈಕ್ ಮೇಜಿನ ಮೇಲೆ ನಿಂತ ದಿನ ಎಷ್ಟು ಖುಷಿ ಆಗಿತ್ತು ಅಂತ ಹೇಳಲಾರೆ.

ನೀವು ಮಾಡಬೇಕು ಅಂದುಕೊಂಡಿದ್ದನ್ನೇ ನಾನೂ ಮಾಡಿದೆ. ಒಂಬತ್ತು ಎಪಿಸೋಡು. ಫೋನು, ಪವರ್ ಬ್ಯಾಂಕು, ಸ್ಮಾರ್ಟ್ ವಾಚು. ಹೆಚ್ಚಿನವು ನನ್ನ ಹತ್ತಿರ ಇರಲೇ ಇಲ್ಲ. ಬೇರೆಯವರು ಹೇಳಿದ್ದನ್ನು ಓದಿ, ಕನ್ನಡದಲ್ಲಿ ಮತ್ತೆ ಹೇಳಿದೆ. ಗೆಳೆಯರು ಕೇಳಿದರು, ಚೆನ್ನಾಗಿದೆ ಅಂದರು. ಯಾರೂ ಎರಡನೇ ಸಲ ಆ ಬಗ್ಗೆ ಮಾತೆತ್ತಲಿಲ್ಲ.

ನಮ್ಮ ಕೇರಿಯಲ್ಲಿ ಒಬ್ಬರು ಅಜ್ಜ ಇದ್ದರು. ಕಾಳಿ ನದಿಗೆ ಸೇತುವೆ ಬರುವ ಮೊದಲು ಕೋಡಿಬಾಗದಿಂದ ಆಚೆ ಸದಾಶಿವಗಡಕ್ಕೆ ಜನರನ್ನು ದೋಣಿಯಲ್ಲಿ ದಾಟಿಸುತ್ತಿದ್ದವರು. ಅವರ ಹತ್ತಿರ ಮಾತಾಡಿಸಿ ಒಂದು ಎಪಿಸೋಡು ಮಾಡೋಣ ಅಂತ ಹೊಳೆಯಿತು. 2022ರ ಮೇ ತಿಂಗಳು. ಅಜ್ಜ ಒಪ್ಪಿದರು. ಬೆಳಿಗ್ಗೆ ಮಡಿ ಪಂಚೆ ಉಟ್ಟು ಕಾಯುತ್ತಾ ಕೂತಿದ್ದರು.

ಈಗ ಆ ದಿನ ಏನಾಯಿತು ಅಂತ ಒಂದೊಂದಾಗಿ ಹೇಳುತ್ತೇನೆ. ಉದ್ದ ಆಗುತ್ತದೆ, ಆದರೆ ಓದಿ. ನನಗೆ ಆಗಿದ್ದು ನಿಮಗೆ ಆಗಬಾರದು.

ಹಿಂದಿನ ರಾತ್ರಿ ಮನೆಯಲ್ಲಿ ಮೈಕ್ ಹಾಕಿ ನೋಡಿದ್ದೆ. ಗಾಜಿನ ಹಾಗೆ ಸ್ವಚ್ಛ ದನಿ. ಬೆಳಿಗ್ಗೆ ಹೊರಡುವ ಮೊದಲು ಲ್ಯಾಪ್‌ಟಾಪಿನಲ್ಲಿ ಅಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆದೆ. ಆಗ ಮೈಕ್ ಬ್ಯಾಗಿನಲ್ಲಿತ್ತು. ಲ್ಯಾಪ್‌ಟಾಪ್ ಹಾಗೇ ಮುಚ್ಚಿಕೊಂಡು ಅಜ್ಜನ ಮನೆಗೆ ಹೋದೆ. ಅಲ್ಲಿ ಮುಚ್ಚಳ ತೆಗೆದೆ, ಮೈಕಿನ ವೈರು ಚುಚ್ಚಿದೆ. ಕೆಂಪು ದೀಪ ಹತ್ತಿತು. ರೆಕಾರ್ಡ್ ಒತ್ತಿದೆ.

ತಪ್ಪು ಆಗಿದ್ದು ಇಲ್ಲೇ. ಅಡಾಸಿಟಿ ತಾನು ಶುರುವಾಗುವ ಹೊತ್ತಿಗೆ ಯಾವ ಯಾವ ಮೈಕ್ ಇದೆ ಅಂತ ಒಮ್ಮೆ ನೋಡಿ ಪಟ್ಟಿ ಮಾಡಿಕೊಳ್ಳುತ್ತದೆ. ಆಮೇಲೆ ಚುಚ್ಚಿದ ಮೈಕ್ ಆ ಪಟ್ಟಿಗೆ ತಾನಾಗಿ ಬರುವುದಿಲ್ಲ. ಒಂದೋ ಅದನ್ನು ಮುಚ್ಚಿ ಮತ್ತೆ ತೆರೆಯಬೇಕು, ಇಲ್ಲ ಟ್ರಾನ್ಸ್‌ಪೋರ್ಟ್ ಮೆನುವಿನಲ್ಲಿ ರೀಸ್ಕ್ಯಾನ್ ಆಡಿಯೋ ಡಿವೈಸಸ್ ಅಂತ ಇದೆ, ಅದನ್ನು ಒತ್ತಬೇಕು. ನಾನು ಎರಡೂ ಮಾಡಲಿಲ್ಲ. ಹಾಗಾಗಿ ಅದು ಲ್ಯಾಪ್‌ಟಾಪಿನ ಒಳಗಿರುವ ಚಿಕ್ಕ ಮೈಕಿನಿಂದ ರೆಕಾರ್ಡ್ ಮಾಡುತ್ತಾ ಹೋಯಿತು. ಕೆಂಪು ದೀಪ ಅಂದರೆ ಮೈಕಿಗೆ ಕರೆಂಟು ಬರುತ್ತಿದೆ ಅಂತ ಮಾತ್ರ ಅರ್ಥ. ದನಿ ಅದರಿಂದಲೇ ಹೋಗುತ್ತಿದೆ ಅಂತ ಅಲ್ಲ. ಪರದೆ ಮೇಲೆ ಅಲೆಗಳು ಏಳುತ್ತಿದ್ದವು, ಅದನ್ನು ನೋಡಿ ಎಲ್ಲ ಸರಿ ಇದೆ ಅಂದುಕೊಂಡೆ. ಅಲೆ ಏಳುವುದಕ್ಕೆ ಯಾವ ಮೈಕ್ ಆದರೂ ಸಾಕು, ಅಲ್ವಾ?

ಮೈಕ್ ಅಜ್ಜನ ಬಾಯಿಂದ ಅರ್ಧ ಅಡಿಯಲ್ಲಿ ಇತ್ತು. ಲ್ಯಾಪ್‌ಟಾಪ್ ನನ್ನ ಪಕ್ಕ, ಅವರಿಂದ ಆರು ಅಡಿ ದೂರದಲ್ಲಿ, ಒಂದು ಮರದ ಬೆಂಚಿನ ಮೇಲೆ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಟೇಬಲ್ ಫ್ಯಾನು. ಮೇ ತಿಂಗಳ ಸೆಖೆ, ಕರಾವಳಿ, ಫ್ಯಾನು ಆರಿಸಿ ಅಂತ ಹಿರಿಯರಿಗೆ ಹೇಗೆ ಹೇಳುವುದು? ದೂರ ಎರಡು ಪಟ್ಟು ಆದಾಗಲೆಲ್ಲ ದನಿ ಸುಮಾರು 6 ಡೆಸಿಬೆಲ್ (ಸದ್ದಿನ ಅಳತೆ) ಇಳಿಯುತ್ತದೆ. ಅರ್ಧ ಅಡಿಯಿಂದ ಆರು ಅಡಿಗೆ ಅಂದರೆ 20 ಡೆಸಿಬೆಲ್‌ಗಿಂತ ಜಾಸ್ತಿ ಹೋಯಿತು. ಫ್ಯಾನಿನ ನಡುಕ ಮಾತ್ರ ಬೆಂಚಿನ ಮೂಲಕ ನೇರವಾಗಿ ಲ್ಯಾಪ್‌ಟಾಪಿಗೆ ಬರುತ್ತಿತ್ತು.

ಅಲೆ ಚಿಕ್ಕದಾಗಿದೆ ಅಂತ ನನಗೆ ಕಾಣಿಸಿತ್ತು. ವಯಸ್ಸಾದವರು, ದನಿ ಮೆತ್ತಗಿದೆ ಅಂದುಕೊಂಡು ಲೆವೆಲ್ ಏರಿಸಿದೆ. ಜೊತೆಗೆ ಫ್ಯಾನೂ ಏರಿತು. ಅನುಮಾನ ಬರಬೇಕಿದ್ದ ಜಾಗ ಅದು.

ಹೆಡ್‌ಫೋನ್ ಬ್ಯಾಗಿನಲ್ಲೇ ಇತ್ತು. ಹಿರಿಯರು ಎದುರಿಗೆ ಕೂತು ಮಾತಾಡುವಾಗ ಕಿವಿ ಮುಚ್ಚಿಕೊಂಡು ಕೂರುವುದು ಮರ್ಯಾದೆ ಅಲ್ಲ ಅನ್ನಿಸಿ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೂ ಬಚಾವಾಗುತ್ತಿದ್ದೆ ಅಂತ ಹೇಳಲಾರೆ. ಎಷ್ಟೋ ಯುಎಸ್‌ಬಿ ಮೈಕ್‌ಗಳ ಮೈಯಲ್ಲೇ ಹೆಡ್‌ಫೋನ್ ತೂತು ಇರುತ್ತದೆ. ಅಲ್ಲಿ ಚುಚ್ಚಿದರೆ ಆ ಮೈಕಿನ ದನಿ ನೇರವಾಗಿ ಕಿವಿಗೆ ಬರುತ್ತದೆ, ಲ್ಯಾಪ್‌ಟಾಪ್ ಬೇರೆ ಯಾವುದರಿಂದ ರೆಕಾರ್ಡ್ ಮಾಡುತ್ತಿದ್ದರೂ ಸರಿ. ಚೆಂದದ ದನಿ ಕೇಳಿಸಿಕೊಂಡು ನಾನು ಇನ್ನೂ ನಿಶ್ಚಿಂತೆಯಿಂದ ಕೂರುತ್ತಿದ್ದೆ. ನಂಬಬಹುದಾದ ಪರೀಕ್ಷೆ ಒಂದೇ: ಆ ಜಾಗದಲ್ಲಿ, ಆ ದಿನ, ಆ ಮನುಷ್ಯನ ದನಿಯನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿ, ನಿಲ್ಲಿಸಿ, ಆ ಫೈಲನ್ನೇ ಹಾಕಿ ಕೇಳುವುದು. ಅರ್ಧ ನಿಮಿಷ ಮಾತ್ರ. ನಾನು ಅದನ್ನು ಬಿಟ್ಟೆ. ಹಿಂದಿನ ರಾತ್ರಿ ಚೆನ್ನಾಗಿ ಬಂದಿತ್ತು ಅನ್ನುವುದು ಪರೀಕ್ಷೆ ಅಲ್ಲ.

"ತಮಾ, ಆ ಕೆಂಪು ದೀಪ ಎಂತಕ್ಕೆ?" ಅಂತ ಅಜ್ಜ ಕೇಳಿದ್ದರು. "ನಿಮ್ಮ ಮಾತು ಒಳಗೆ ಹೋಗ್ತಾ ಇದೆ ಅಂತ, ಅಜ್ಜಾ" ಅಂದೆ.

ಎರಡು ಗಂಟೆ ಮಾತಾಡಿದರು. ಭರತ ಇಳಿತದ ಲೆಕ್ಕ. ಮಳೆಗಾಲದಲ್ಲಿ ನದಿ ಸಮುದ್ರಕ್ಕೆ ಸೇರುವ ಕಡೆ ನೀರು ಹೇಗೆ ತಿರುಗುತ್ತದೆ, ಹುಟ್ಟು ಎಲ್ಲಿ ಹಾಕಬೇಕು. ರಾತ್ರಿ ಮದುವೆ ದಿಬ್ಬಣ ದಾಟಿಸಿದ್ದು. ನೋವು ಶುರುವಾದ ಬಸುರಿಯನ್ನು ಕತ್ತಲೆಯಲ್ಲಿ ಈಚೆ ತಂದಿದ್ದು. ಅರ್ಧ ಕನ್ನಡ, ಅರ್ಧ ಕೊಂಕಣಿ.

ಸಂಜೆ ಮನೆಗೆ ಬಂದು ಹಾಕಿದೆ. ಫ್ಯಾನು. ಅದರ ಹಿಂದೆ ಎಲ್ಲೋ ದೂರದಲ್ಲಿ ಒಬ್ಬರು ಗೊಣಗುತ್ತಿದ್ದ ಹಾಗೆ.

ಮರುದಿನವೇ ಹೋಗಿ, ಅಜ್ಜಾ ತಪ್ಪಾಯ್ತು, ಇನ್ನೊಮ್ಮೆ ಹೇಳಿ ಅನ್ನಬೇಕಿತ್ತು. ಐದು ನಿಮಿಷದ ದಾರಿ. ನಾಚಿಕೆ ಅಡ್ಡ ಬಂತು. ಸಾಫ್ಟ್‌ವೇರಿನಲ್ಲಿ ಸರಿ ಮಾಡಬಹುದು ಅಂತ ಮೂರು ವಾರ ಕೂತೆ. ಫ್ಯಾನಿನ ಸದ್ದಿನ ತುಣುಕು ತೋರಿಸಿ, ಅಂಥ ಸದ್ದನ್ನು ತೆಗೆಯುವ ನಾಯ್ಸ್ ರಿಡಕ್ಷನ್ ಮಾಡಿದೆ. ಫ್ಯಾನಿನ ಜೊತೆ ಮಾತೂ ಹೋಗಿ, ಅಜ್ಜ ನೀರೊಳಗಿಂದ ಮಾತಾಡಿದ ಹಾಗೆ ಆಯಿತು. ಆಮೇಲೆ ಒಂದು ಎಐ ಟೂಲಿಗೆ ಹಾಕಿದೆ. ದನಿ ಸ್ಟುಡಿಯೋದ ಹಾಗೆ ಬಂತು, ಮಾತು ಮಾತ್ರ ಯಾವ ಭಾಷೆಯದೂ ಅಲ್ಲ. ಕೇಳಿಸದ ಕಡೆ ಅದು ತಾನೇ ಏನೋ ದನಿ ತುಂಬಿಸಿತ್ತು. ಅಜ್ಜ ಆಡದ ಮಾತನ್ನು ಅಜ್ಜನ ದನಿಯಲ್ಲಿ ಕೇಳಿ ನನಗೆ ಮೈ ಜುಂ ಅಂದಿತು. ಅಳಿಸಿಬಿಟ್ಟೆ.

ಕಡೆಗೆ ಧೈರ್ಯ ಮಾಡಿ ಹೋದಾಗ ಮಳೆ ಹಿಡಿದಿತ್ತು. ಅಜ್ಜನನ್ನು ಮಗಳು ಗೋವಾದ ಮಡಗಾಂವಿಗೆ ಕರೆದುಕೊಂಡು ಹೋಗಿದ್ದರು. ಅಜ್ಜ ವಾಪಸ್ ಬರಲಿಲ್ಲ. ಆ ಮಳೆಗಾಲದಲ್ಲೇ ತೀರಿಕೊಂಡರು.

2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಕುಸಿದು ಬಿತ್ತು. ಒಂದು ಲಾರಿ ನದಿಗೆ ಬಿದ್ದು, ಡ್ರೈವರನ್ನು ಎತ್ತಿ ಉಳಿಸಿದ್ದು ನೀವೂ ಸುದ್ದಿಯಲ್ಲಿ ನೋಡಿರಬಹುದು. ಪಕ್ಕದಲ್ಲಿ ಹೊಸ ಸೇತುವೆ ಇದೆ, ಓಡಾಟ ನಡೆಯುತ್ತಿದೆ. ಆ ವಾರ ನಮ್ಮ ಊರಿನಲ್ಲಿ ಚಿಕ್ಕ ಮಕ್ಕಳೂ ಕೇಳುತ್ತಿದ್ದ ಪ್ರಶ್ನೆ ಒಂದೇ: ಸೇತುವೆ ಇಲ್ಲದಾಗ ಜನ ಹೇಗೆ ದಾಟುತ್ತಿದ್ದರು? ಅದಕ್ಕೆ ಉತ್ತರ ಎರಡು ಗಂಟೆ ನನ್ನ ಎದುರಿಗೆ ಕೂತು ಮಾತಾಡಿತ್ತು. ನನ್ನ ಹತ್ತಿರ ಉಳಿದದ್ದು ನಾಲ್ಕು ಸೆಕೆಂಡು. ಆಚೆ ದಡದಿಂದ ದೋಣಿ ಕರೆಯುವಾಗ ಹೇಗೆ ಕೂಗುತ್ತಿದ್ದರು ಅಂತ ಅಜ್ಜ ಎದ್ದು ನಿಂತು ಕೂಗಿ ತೋರಿಸಿದ್ದರು. ಆ ಕೂಗು ಮಾತ್ರ ಫ್ಯಾನಿನ ಸದ್ದನ್ನು ದಾಟಿ ಬಂದಿದೆ.

ಈಗ ನಿಮ್ಮ ಪ್ರಶ್ನೆ. ನನ್ನ ಅಭಿಪ್ರಾಯ ಖಡಾಖಂಡಿತ: ಮೈಕ್ ಈಗ ತಗೊಳ್ಳಬೇಡಿ. ಯುಎಸ್‌ಬಿಯೂ ಬೇಡ, ಎಕ್ಸ್‌ಎಲ್‌ಆರೂ ಬೇಡ. ನಿಮ್ಮ ಫೋನು ಸಾಕು. ಅದಕ್ಕೆ ಸಾವಿರ ರೂಪಾಯಿಯೊಳಗೆ ಸಿಗುವ ವೈರಿನ ಕಾಲರ್ ಮೈಕ್ ಒಂದು ಹಾಕಿ. ನಾನು ಈಗ ಬಳಸುವುದು ಬೋಯಾ ಬಿವೈ-ಎಂ1. ಆರು ಮೀಟರ್ ವೈರು, ಗುಂಡಿ ಬ್ಯಾಟರಿ. ಅದರ ಮೇಲೆ ಫೋನು, ಕ್ಯಾಮೆರಾ ಅಂತ ಒಂದು ಸ್ವಿಚ್ ಇದೆ, ಅದು ಫೋನಿನ ಕಡೆಗೇ ಇರಲಿ. ನಿಮ್ಮ ಫೋನಿನಲ್ಲಿ 3.5 ಎಂಎಂ ಹೆಡ್‌ಫೋನ್ ತೂತು ಇಲ್ಲದಿದ್ದರೆ ಒಂದು ಕನೆಕ್ಟರ್ ಬೇಕು. ಎದೆಯ ಮೇಲೆ, ಬಾಯಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಸಿಕ್ಕಿಸಿದ ಮೇಲೆ ಉಗುರಿನಿಂದ ಮೈಕನ್ನು ಕೆರೆಯಿರಿ. ಆ ಕೆರೆತ ರೆಕಾರ್ಡಿಂಗಿನಲ್ಲಿ ಕಿವಿಗೆ ಹೊಡೆದ ಹಾಗೆ ಬಂದರೆ ಅದೇ ಮೈಕ್ ಕೆಲಸ ಮಾಡುತ್ತಿದೆ ಅಂತ. ನಾನು ಆ ದಿನ ಉಗುರಿನಿಂದ ಒಮ್ಮೆ ಕೆರೆದಿದ್ದರೆ ಸಾಕಿತ್ತು.

ಬ್ಲೂಟೂತ್ ಇಯರ್‌ಬಡ್ಸಿನ ಮೈಕ್ ಮಾತ್ರ ಬೇಡವೇ ಬೇಡ. ಮೈಕ್ ಶುರುವಾದ ಕೂಡಲೇ ಹೆಚ್ಚಿನವು ಫೋನ್ ಕರೆಯ ಮಟ್ಟದ ದನಿಗೆ ಇಳಿಯುತ್ತವೆ.

ಇಷ್ಟಾದ ಮೇಲೂ ದುಡ್ಡು ಹಾಕಲೇಬೇಕು ಅನ್ನಿಸಿದರೆ ಹತ್ತಿರದ ದನಿಯನ್ನೇ ಹೆಚ್ಚು ಹಿಡಿಯುವ ಡೈನಾಮಿಕ್ ಮೈಕ್ ತಗೊಳ್ಳಿ, ಯುಎಸ್‌ಬಿ ಎಕ್ಸ್‌ಎಲ್‌ಆರ್ ಎರಡೂ ಇರುವಂಥದ್ದು. ಕಂಡೆನ್ಸರ್ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಶಿರಸಿ ಕಡೆಯ ಹೆಂಚಿನ ಮನೆ, ಸುತ್ತ ಅಡಿಕೆ ತೋಟ, ಸಂಜೆ ಆದರೆ ಜೀರುಂಡೆ, ಜೂನಿನಿಂದ ತಗಡಿನ ಮೇಲೆ ಮಳೆ. ಇಷ್ಟರಲ್ಲಿ ಕಂಡೆನ್ಸರ್ ಇಟ್ಟರೆ ನಿಮ್ಮ ಮಾತಿಗಿಂತ ಮಳೆಯೇ ಜಾಸ್ತಿ ಬರುತ್ತದೆ. ಹಾಸಿಗೆ, ಕಂಬಳಿ ರಾಶಿ ಹಾಕಿದ ಚಿಕ್ಕ ಕೋಣೆ ಇರುತ್ತದಲ್ಲ, ಅಲ್ಲಿ ಕೂತು ಮಾತಾಡಿ. ಚಾರ್ಜರ್ ಕಿತ್ತಿಡಿ, ಗುಂಯ್ ಅನ್ನುವ ಸದ್ದು ಎಷ್ಟೋ ಸಲ ಅದರಿಂದಲೇ ಬರುತ್ತದೆ.

ಇನ್ನು ಗ್ಯಾಜೆಟ್ ವಿಷಯ. ಬಿಡಿ ಅಂತ ಹೇಳುವುದಿಲ್ಲ. ಆದರೆ ಹೊಸ ಫೋನು ಬಂತು, ಪ್ರೊಸೆಸರ್ ಇದು, ಕ್ಯಾಮೆರಾ ಇಷ್ಟು ಮೆಗಾಪಿಕ್ಸೆಲ್ ಅಂತ ಹೇಳುವುದಕ್ಕೆ ನಿಮ್ಮ ಅಗತ್ಯ ಇಲ್ಲ. ನಮ್ಮ ಜಿಲ್ಲೆಯಲ್ಲಿ ಈ ಸಾಮಾನುಗಳು ಹೇಗೆ ಬಾಳುತ್ತವೆ ಅಂತ ಯಾರೂ ಹೇಳುತ್ತಿಲ್ಲ. ಐಪಿ68, ಅಂದರೆ ನೀರು ಧೂಳು ತಡೆಯುತ್ತದೆ ಅಂತ ಬರೆದ ಫೋನನ್ನು ಪರೀಕ್ಷೆ ಮಾಡುವುದು ಸಿಹಿ ನೀರಿನಲ್ಲಿ. ಇಲ್ಲಿ ಬೈತಖೋಲ ಬಂದರಿನಲ್ಲಿ ಅದು ಬೀಳುವುದು ಉಪ್ಪು ನೀರಿಗೆ. ಚಾರ್ಜಿಂಗ್ ತೂತು ಹಸಿರುಗಟ್ಟುವುದು ಯಾವ ವಿಡಿಯೋದಲ್ಲಿ ಇದೆ? ಒದ್ದೆ ಬೆರಳಿಗೆ ಟಚ್ ಸ್ಕ್ರೀನ್ ಯಾಕೆ ಹುಚ್ಚು ಹಿಡಿದ ಹಾಗೆ ಆಡುತ್ತದೆ ಅಂತ ಮೀನು ಮಾರುವ ಅಕ್ಕನಿಗೆ ಹೇಳಿ. ಪೇಟೆಯಲ್ಲಿ ಫೋನ್ ರಿಪೇರಿ ಮಾಡುವವರ ಹತ್ತಿರ ಹೋಗಿ, ಮಳೆಗಾಲದಲ್ಲಿ ಯಾವ ಯಾವ ಫೋನು ಬಿಚ್ಚಿದಿರಿ, ಒಳಗೆ ಏನಿತ್ತು ಅಂತ ಕೇಳಿ. ದೇವಿಮನೆ ಘಾಟಿಯಲ್ಲಿ ಯಾವ ಸಿಮ್ ಎಲ್ಲಿ ಸಾಯುತ್ತದೆ ಅಂತ ಬಸ್ ಕಂಡಕ್ಟರನ್ನು ಕೇಳಿ. ಅಂಥ ಎಪಿಸೋಡು ಬಂದರೆ ನಾನು ಕೆಲಸ ಬಿಟ್ಟು ಕೇಳುತ್ತೇನೆ.

ಫೈಲಿನ ಬಗ್ಗೆ ಒಂದು ಮಾತು. ಜನರಿಗೆ ಕೊಡುವ ಎಂಪಿ3ಯನ್ನು ಮೋನೋದಲ್ಲಿ (ಒಂದೇ ಚಾನೆಲ್), 64 ಕೆಬಿಪಿಎಸ್‌ನಲ್ಲಿ ಮಾಡಿ. ಮಾತಿಗೆ ಅಷ್ಟು ಸಾಕು. ಒಂದು ಗಂಟೆಗೆ 29 ಎಂಬಿ ಆಗುತ್ತದೆ, ಸಿಗ್ನಲ್ ಒಂದೇ ಕಡ್ಡಿ ಇರುವ ಹಳ್ಳಿಯಲ್ಲೂ ಇಳಿಯುತ್ತದೆ. ಕುಗ್ಗಿಸದ ಮೂಲ ವೇವ್ ಫೈಲು ಗಂಟೆಗೆ 300 ಎಂಬಿ ಮೇಲೆ ಹೋಗುತ್ತದೆ, ಅದನ್ನು ಎರಡು ಕಡೆ ಇಡಿ. ಆಪ್‌ಗಳನ್ನು ನಂಬಿ ಕೂರಬೇಡಿ. ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಮುಚ್ಚಿಯೇ ಹೋಯಿತು.

ನಿಮ್ಮ 25 ಸಾವಿರದಲ್ಲಿ ಸಾವಿರ ಖರ್ಚು ಮಾಡಿ. ಉಳಿದದ್ದು ಬಸ್ಸಿಗೆ, ಚಹಾಕ್ಕೆ ಇರಲಿ. ಈ ಭಾನುವಾರ ನಿಮ್ಮ ಮನೆಯ ಹಿರಿಯರ ಕಾಲರಿಗೆ ಮೈಕ್ ಸಿಕ್ಕಿಸಿ, ಅವರು ಮೊದಲ ಸಲ ಮುಟ್ಟಿದ ರೇಡಿಯೋ ಯಾವುದು, ಎಲ್ಲಿಂದ ತಂದರು ಅಂತ ಕೇಳಿ. ಅರ್ಧ ನಿಮಿಷ ಆದ ಮೇಲೆ ನಿಲ್ಲಿಸಿ, ಅವರಿಗೂ ಕೇಳಿಸಿ. ಹಿರಿಯರು ಬೇಜಾರು ಮಾಡಿಕೊಳ್ಳುವುದಿಲ್ಲ, ತಮ್ಮ ದನಿ ಕೇಳಿ ಅವರಿಗೆ ಖುಷಿಯೇ ಆಗುತ್ತದೆ. ಆ ಅರ್ಧ ನಿಮಿಷದ ಫೈಲನ್ನು ನನಗೂ ಕಳಿಸಿ. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಹೇಗಿದೆ ಅಂತ ಹೇಳುತ್ತೇನೆ.