ಪತ್ರ ನಿಜವಾದರೆ ಸುಳ್ಳು ಎಲ್ಲಿದೆ?

ಪ್ರಶ್ನೆ: 2016ರ ಅಮೆರಿಕ ಚುನಾವಣೆಯ ಹೊತ್ತಿಗೆ ಸೋರಿಕೆಯಾದ ಇಮೇಲ್‌ಗಳು ನಕಲಿಯಲ್ಲ ಎಂದು ಓದಿದ್ದೇನೆ. ಹಾಗಿದ್ದ ಮೇಲೆ ರಷ್ಯಾದ ಸೇನಾ ಗುಪ್ತಚರರು ಸುಳ್ಳು ಹರಡಿದರು ಎನ್ನುವುದು ಹೇಗೆ ಸರಿ?

ಉತ್ತರ: ನಿಮ್ಮ ಸಂದೇಹ ನ್ಯಾಯವಾದದ್ದೇ. ಇಮೇಲ್‌ಗಳು ಬಹುಮಟ್ಟಿಗೆ ಅಸಲಿ. ಸುಳ್ಳು ಇದ್ದದ್ದು ಅವುಗಳನ್ನು ಹಂಚಿದವನ ವೇಷದಲ್ಲಿ.

ಡೆಮಾಕ್ರಟಿಕ್ ಪಕ್ಷದ ಕಂಪ್ಯೂಟರ್‌ಗಳಿಗೆ ಕನ್ನ ಹಾಕಿದವರು ರಷ್ಯನ್ನರು ಎಂಬ ಸುದ್ದಿ ಹೊರಬಿದ್ದದ್ದು 2016ರ ಜೂನ್ 14ರಂದು. ಮರುದಿನವೇ ‘ಗುಸಿಫರ್ 2.0’ ಎಂಬಾತ ಪ್ರತ್ಯಕ್ಷನಾಗಿ, ಇದು ತನ್ನೊಬ್ಬನ ಕೆಲಸ ಎಂದ. ತಾನು ರೊಮೇನಿಯಾದವನು ಎಂದೂ ಹೇಳಿಕೊಂಡ. ರಷ್ಯಾದ ಸೇನಾ ಗುಪ್ತಚರ ಸಂಸ್ಥೆ ಜಿಆರ್‌ಯುವಿನ 12 ಅಧಿಕಾರಿಗಳ ವಿರುದ್ಧ 2018ರ ಜುಲೈಯಲ್ಲಿ ಅಮೆರಿಕ ಹೊರಿಸಿದ ಆರೋಪಪಟ್ಟಿಯಲ್ಲಿ ಆ ಸಂಜೆಯ ವಿವರವಿದೆ. ಮಾಸ್ಕೋದಲ್ಲಿ 4.19ರಿಂದ 4.56ರ ನಡುವೆ, ಜಿಆರ್‌ಯುವಿನ 74455ನೇ ಘಟಕದ ಸರ್ವರ್‌ನಿಂದ ಕೆಲವು ಇಂಗ್ಲಿಷ್ ನುಡಿಗಟ್ಟುಗಳ ಹುಡುಕಾಟ ನಡೆಯುತ್ತದೆ. ‘ವ್ಯಾಪಕವಾಗಿ ಪರಿಚಿತ’ ಎಂಬ ಅರ್ಥದ ರಷ್ಯನ್ ಮಾತನ್ನು ಟೈಪಿಸಿ ಅದರ ಅನುವಾದವೇನೆಂದೂ ಹುಡುಕುತ್ತಾರೆ. 7.02ಕ್ಕೆ ಗುಸಿಫರ್‌ನ ಮೊದಲ ಬರಹ ಪ್ರಕಟವಾಗುತ್ತದೆ. ಹುಡುಕಿದ್ದ ಮಾತುಗಳು ಅದರಲ್ಲಿ ಹಾಗೆಯೇ ಕೂತಿವೆ. ರಷ್ಯಾ ಆರೋಪವನ್ನು ನಿರಾಕರಿಸುತ್ತದೆ. ಆದರೆ ನಿಮಿಷ ನಿಮಿಷದ ಈ ಲೆಕ್ಕಕ್ಕೆ ಒಪ್ಪುವಂಥ ಬೇರೆ ವಿವರಣೆ ನನಗಂತೂ ಕಂಡಿಲ್ಲ.

ಇನ್ನು ಸಮಯ. ಪಕ್ಷದ ಮಹಾಧಿವೇಶನಕ್ಕೆ ಮೂರೇ ದಿನ ಇರುವಾಗ, ಜುಲೈ 22ರಂದು, ಸುಮಾರು 20,000 ಇಮೇಲ್‌ಗಳು ಗುಪ್ತ ದಾಖಲೆಗಳನ್ನು ಪ್ರಕಟಿಸುವ ಜಾಲತಾಣ ವಿಕಿಲೀಕ್ಸ್ ಮೂಲಕ ಹೊರಬಂದವು. ತಕ್ಕಡಿಯ ಒಂದೇ ತಟ್ಟೆಗೆ ನಿಜವನ್ನು ಸುರಿದರೂ ತೂಕ ತಪ್ಪುತ್ತದೆ.

ನನಗೆ ಹೆಚ್ಚು ಸಂಕಟ ತರುವುದು ಅದೇ ವರ್ಷದ ಇನ್ನೊಂದು ಪ್ರಕರಣ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಿಂದ ಕದ್ದ ಕ್ರೀಡಾಪಟುಗಳ ವೈದ್ಯಕೀಯ ದಾಖಲೆಗಳನ್ನು ಇದೇ ಜಿಆರ್‌ಯುವಿನವರು ‘ಫ್ಯಾನ್ಸಿ ಬೇರ್ಸ್’ ಎಂಬ ಹೆಸರಿನಲ್ಲಿ ಹರಿಯಬಿಟ್ಟರು. ನಿಯಮದಂತೆ ಅನುಮತಿ ಪಡೆದು ಸೇವಿಸಿದ ಔಷಧಿಗೆ ಮೋಸದ ಬಣ್ಣ ಬಳಿದರು. ರಿಯೊದಲ್ಲಿ ನಾಲ್ಕು ಚಿನ್ನ ಗೆದ್ದು ತಿಂಗಳಾಗುವಷ್ಟರಲ್ಲಿ, 19 ವರ್ಷದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ತನಗೆ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ ತೊಂದರೆ) ಇದೆ, ಚಿಕ್ಕಂದಿನಿಂದ ಅದಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದೇನೆ ಎಂದು ಲೋಕದ ಮುಂದೆ ಹೇಳಬೇಕಾಯಿತು. ಆಕೆ ಯಾವ ತಪ್ಪನ್ನೂ ಮಾಡಿರಲಿಲ್ಲ. ಬಿಡುಗಡೆಯಾದ ಮಾಹಿತಿಯಲ್ಲಿ ಕೆಲವು ತನ್ನ ಮೂಲ ದಾಖಲೆಗೆ ಹೊಂದುವುದಿಲ್ಲ ಎಂದು ಆ ಸಂಸ್ಥೆ ಆಮೇಲೆ ತಿಳಿಸಿತು. ಆ ಹೊತ್ತಿಗೆ ಮಾತು ಊರೆಲ್ಲ ಹಬ್ಬಿಯಾಗಿತ್ತು.

ಪ್ರಶ್ನೆ: ಮುಸುಕಿನ ಹಿಂದೆ ಇರುವುದು ಸೇನೆಯೇ ಎಂದು ಹೇಗೆ ಪತ್ತೆಯಾಗುತ್ತದೆ?

ಉತ್ತರ: ಬಳಸಿದ ಸರ್ವರ್, ಅದಕ್ಕೆ ಹಣ ಕಟ್ಟಿದ ದಾರಿ, ಮರುಬಳಕೆಯಾದ ಕೋಡ್, ಇವನ್ನೆಲ್ಲ ಒಂದಕ್ಕೊಂದು ತಾಳೆ ನೋಡುತ್ತಾರೆ. ಕೋಡ್ ಒಂದನ್ನೇ ನಂಬುವಂತಿಲ್ಲ; 2018ರ ಚಳಿಗಾಲದ ಒಲಿಂಪಿಕ್ಸ್ ಮೇಲಿನ ದಾಳಿಯಲ್ಲಿ ಅನುಮಾನ ಉತ್ತರ ಕೊರಿಯಾದ ಕಡೆ ತಿರುಗಲೆಂದೇ ಸುಳ್ಳು ಕುರುಹುಗಳನ್ನು ಇಟ್ಟಿದ್ದರು.

ಕೆಲವೊಮ್ಮೆ ಕುರುಹು ಜೇಬಿನಲ್ಲೇ ಸಿಗುತ್ತದೆ. 2018ರ ಏಪ್ರಿಲ್‌ನಲ್ಲಿ ಹೇಗ್ ನಗರದ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆಯ ಪಕ್ಕದ ಹೋಟೆಲಿನಲ್ಲಿ ನಾಲ್ವರು ರಷ್ಯನ್ನರು ಸಿಕ್ಕಿಬಿದ್ದರು. ಸಂಸ್ಥೆಯ ವೈಫೈಗೆ ನುಸುಳುವ ಸಲಕರಣೆ ಬಾಡಿಗೆ ಕಾರಿನ ಡಿಕ್ಕಿಯಲ್ಲಿತ್ತು. ಆಂಟೆನಾವನ್ನು ಕೋಟಿನಡಿ ಮುಚ್ಚಿಟ್ಟಿದ್ದರು. ಒಬ್ಬನ ಬಳಿ ಟ್ಯಾಕ್ಸಿ ರಸೀದಿಯೊಂದಿತ್ತು: ಮಾಸ್ಕೋದ ಜಿಆರ್‌ಯು ಬ್ಯಾರಕ್ ಪಕ್ಕದ ಬೀದಿಯಿಂದ ವಿಮಾನ ನಿಲ್ದಾಣಕ್ಕೆ.